ಕಣವೂ ಶೂನ್ಯವೂ: ಹೊಸ ಭೌತವಿಜ್ಞಾನಕ್ಕೂ ಬೌದ್ಧ ದರ್ಶನಕ್ಕೂ ನಡೆದಿರುವ ಸಂವಾದ

ಕಳೆದ ವರ್ಷದ ರಕ್ಷಕ-ಶಿಕ್ಷಕ ಸಭೆ ಮುಗಿದು ಎಲ್ಲರೂ ಚಹಾ ಕುಡಿಯುತ್ತ ನಿಂತಿದ್ದಾಗ, ಹತ್ತನೆಯ ತರಗತಿಯ ಬಾಲಕನೊಬ್ಬನ ತಂದೆಯವರು ನಮ್ಮ ಬಳಿಗೆ ಬಂದು ಒಂದು ಪ್ರಶ್ನೆ ಕೇಳಿದರು. "ಮಾಷ್ಟ್ರೇ, ಪರಮಾಣುವಿನ ಒಳಗಿನ ಸಂಗತಿಯನ್ನೆಲ್ಲ ಬೌದ್ಧರು ಎರಡು ಸಾವಿರ ವರ್ಷದ ಹಿಂದೆಯೇ ಹೇಳಿ ಇಟ್ಟಿದ್ದಾರಂತೆ, ಹೌದೋ?" ಅವರ ಫೋನಿಗೆ ಯಾರೋ ಕಳುಹಿಸಿದ ಸಂದೇಶದಲ್ಲಿ ಹಾಗಿತ್ತಂತೆ. ಪಕ್ಕದಲ್ಲಿ ನಿಂತಿದ್ದ ಮಗನು, "ಹಾಗಾದರೆ ನಾವು ಈಗ ಇದನ್ನೆಲ್ಲ ಪುನಃ ಕಲಿಯುವುದು ಯಾಕೆ ಸರ್?" ಎಂದನು. ನಾವು ನಕ್ಕು, "ಅದೆಲ್ಲ ಬರಿಯ ಮಾತು, ನಂಬಬೇಡಿ" ಎಂದುಬಿಟ್ಟೆವು. ಮನೆಗೆ ಬಂದ ಮೇಲೆ ನಮ್ಮ ಉತ್ತರ ನಮಗೇ ಸಮಾಧಾನ ಕೊಡಲಿಲ್ಲ. ಸಂದೇಶವನ್ನು ಬರೆದವನು ವಿಚಾರಿಸದೆ ಹೌದೆಂದಿದ್ದನು, ನಾವು ವಿಚಾರಿಸದೆ ಅಲ್ಲವೆಂದೆವು. ಇವೆರಡಕ್ಕೂ ಹೆಚ್ಚಿನ ವ್ಯತ್ಯಾಸವಿಲ್ಲ. ಆ ತಂದೆಗೂ ಮಗನಿಗೂ ಕೊಡಬೇಕಾಗಿದ್ದ ಉತ್ತರವನ್ನು ಈ ಸಂಚಿಕೆಯಲ್ಲಿ, ಸ್ವಲ್ಪ ವಿಸ್ತಾರವಾಗಿ ಕೊಡಲು ಯತ್ನಿಸುತ್ತೇವೆ.

ಮೊದಲು ವಿಜ್ಞಾನದ ಕಡೆಯಿಂದ ಹೊರಡೋಣ. 'ಕ್ವಾಂಟಮ್' ಎಂಬುದು 'ಎಷ್ಟು' ಎಂಬ ಅರ್ಥವುಳ್ಳ ಲ್ಯಾಟಿನ್ ಭಾಷೆಯ ಮಾತು. ಅಂಗಡಿಯಲ್ಲಿ ಎಣ್ಣೆಯನ್ನು ಬೇಕಾದಷ್ಟು ಅಳೆದು ಕೊಡಬಹುದು. ತೆಂಗಿನಕಾಯಿಯನ್ನಾದರೆ ಎಣಿಸಿಯೇ ಕೊಡಬೇಕು. ಬೆಳಕು, ಶಾಖ ಮೊದಲಾದ ಶಕ್ತಿಗಳು ಎಣ್ಣೆಯಂತೆ ಹರಿಯತಕ್ಕವು ಎಂದು ಹತ್ತೊಂಬತ್ತನೆಯ ಶತಮಾನದ ವಿದ್ವಾಂಸರು ನಂಬಿದ್ದರು. ಆದರೆ ಕಮ್ಮಾರನ ಕುಲುಮೆಯಲ್ಲಿ ಕಾದ ಕಬ್ಬಿಣವು ಮೊದಲು ಕೆಂಪಾಗಿ, ಬಳಿಕ ಹಳದಿಯಾಗಿ, ಕೊನೆಗೆ ಬೆಳ್ಳಗಾಗುವ ಕ್ರಮವನ್ನು ಈ ನಂಬಿಕೆಯಿಂದ ಲೆಕ್ಕ ಹಾಕಿದರೆ ಉತ್ತರ ತಪ್ಪುತ್ತಿತ್ತು. 1900ನೆಯ ಇಸವಿ ದಶಂಬರ 14ರಂದು ಬರ್ಲಿನ್ನಿನಲ್ಲಿ ಮ್ಯಾಕ್ಸ್ ಪ್ಲಾಂಕನು ಮಂಡಿಸಿದ ಲೆಕ್ಕದಲ್ಲಿ ಶಕ್ತಿಯು ತೆಂಗಿನಕಾಯಿಯಂತೆ ಬಿಡಿಬಿಡಿಯಾಗಿ ಕೊಡತಕ್ಕದ್ದಾಯಿತು, ಉತ್ತರ ಸರಿಹೋಯಿತು. ಐನ್‌ಸ್ಟೈನನು 1905ರಲ್ಲಿ ಬೆಳಕೇ ಅಂಥ ಕಣಗಳಿಂದ ಆದುದೆಂದನು. ಢಾಕಾದಲ್ಲಿ ಅಧ್ಯಾಪಕರಾಗಿದ್ದ ಸತ್ಯೇಂದ್ರನಾಥ ಬೋಸರು 1924ರಲ್ಲಿ ಆ ಕಣಗಳನ್ನು ಎಣಿಸುವ ಹೊಸ ಕ್ರಮವನ್ನು ಕಂಡುಹಿಡಿದರು. 1925ರಲ್ಲಿ ಹೈಸೆನ್‌ಬರ್ಗನೂ 1926ರಲ್ಲಿ ಶ್ರೋಡಿಂಗರನೂ ಬೇರೆ ಬೇರೆ ಹಾದಿಗಳಿಂದ ಈ ವಿಜ್ಞಾನಕ್ಕೆ ಪೂರ್ಣವಾದ ಗಣಿತವನ್ನು ಒದಗಿಸಿದರು. ಈ ಚರಿತ್ರೆ ಪಠ್ಯಪುಸ್ತಕಗಳಲ್ಲಿ ದೊರೆಯುವುದರಿಂದ ಇಲ್ಲಿಗೆ ಸಾಕು. ನಾವು ನಿಲ್ಲಬೇಕಾದ ಸ್ಥಳ ಒಂದು ಪ್ರಯೋಗ.

ನಮ್ಮ ಊರಿನ ಮದಕದ ನಿಶ್ಚಲವಾದ ನೀರಿಗೆ ಎರಡು ಕಲ್ಲುಗಳನ್ನು ಒಂದೇ ಕಾಲಕ್ಕೆ, ಒಂದು ಮಾರು ಅಂತರದಲ್ಲಿ ಹಾಕಿ ನೋಡಿರಿ. ಎರಡು ಕಡೆಗಳಿಂದಲೂ ಅಲೆಗಳು ಬಳೆಬಳೆಯಾಗಿ ಹರಡಿ ಒಂದನ್ನೊಂದು ದಾಟುತ್ತವೆ. ಏರು ಏರನ್ನು ಕೂಡಿದಲ್ಲಿ ನೀರು ಇಮ್ಮಡಿಯಾಗಿ ಏಳುತ್ತದೆ. ಏರು ಇಳಿವನ್ನು ಕೂಡಿದಲ್ಲಿ ನೀರು ಕದಲದೆ ನಿಲ್ಲುತ್ತದೆ. ಹೀಗೆ ಪಟ್ಟೆಪಟ್ಟೆಯಾಗಿ ತೋರುವುದು ಅಲೆಗಳ ಗುರುತು. ಗೋಲಿಗಳನ್ನು ಎಸೆದರೆ ಇಂಥ ಪಟ್ಟೆಗಳು ಬರಲಾರವು; ಎರಡು ಗೋಲಿಗಳು ಕೂಡಿ ಸೊನ್ನೆಯಾಗುವುದನ್ನು ಯಾರೂ ಕಂಡಿಲ್ಲ.

ಎಲೆಕ್ಟ್ರಾನೆಂಬುದು ಗೋಲಿಯ ಜಾತಿಯದೋ ಅಲೆಯ ಜಾತಿಯದೋ? 1961ರಲ್ಲಿ ಜರ್ಮನಿಯ ಟ್ಯೂಬಿಂಗೆನ್ನಿನಲ್ಲಿ ಕ್ಲೌಸ್ ಯೋನ್ಸನ್ನನು ಎಲೆಕ್ಟ್ರಾನುಗಳನ್ನು ಅತಿ ಸೂಕ್ಷ್ಮವಾದ ಸೀಳುಗಂಡಿಗಳ ಮೂಲಕ ಹಾಯಿಸಿದಾಗ ಪಟ್ಟೆಗಳು ಕಾಣಿಸಿಕೊಂಡವು. ಇದಕ್ಕಿಂತಲೂ ಮನಸ್ಸನ್ನು ಸೆಳೆಯುವುದು 1989ರಲ್ಲಿ ಜಪಾನಿನ ಅಕಿರಾ ತೊನೊಮುರಾ ಮತ್ತು ಅವರ ಸಂಗಡಿಗರು ಪ್ರಕಟಿಸಿದ ಪ್ರಯೋಗ. ಅಲ್ಲಿ ಗಂಡಿಗಳ ಬದಲು ತೆಳುವಾದ ವಿದ್ಯುತ್ತಂತಿಯೊಂದರ ಎಡಬಲಗಳೇ ಎರಡು ಹಾದಿಗಳು. ಅವರು ಎಲೆಕ್ಟ್ರಾನುಗಳನ್ನು ಗುಂಪಾಗಿ ಬಿಡಲಿಲ್ಲ. ಒಂದು ಹೊರಟು ಪರದೆಯನ್ನು ಮುಟ್ಟಿದ ಬಳಿಕವೇ ಮತ್ತೊಂದು ಬರುವಷ್ಟು ವಿರಳವಾಗಿ ಬಿಟ್ಟರು. ಪರದೆಯ ಮೇಲೆ ಒಂದು ಚುಕ್ಕಿ ಮೂಡಿತು, ಅನಂತರ ಎಲ್ಲಿಯೋ ಇನ್ನೊಂದು, ಮತ್ತೊಂದು ಇನ್ನೆಲ್ಲಿಯೋ. ಹತ್ತು ಚುಕ್ಕಿಗಳಾದಾಗ ಅಂಗಳದಲ್ಲಿ ಅಕ್ಕಿಕಾಳು ಚೆಲ್ಲಿದಂತೆ ಅಡ್ಡಾದಿಡ್ಡಿ. ನೂರಾದಾಗಲೂ ಹಾಗೆಯೇ. ಸಾವಿರಾರು ಆದಂತೆ ಅಲ್ಲಲ್ಲಿ ಗೆರೆಯ ಛಾಯೆ ತೋರಿತು. ಹತ್ತಾರು ಸಾವಿರಗಳಾದಾಗ ಮದಕದ ನೀರಿನಂಥ ಸ್ಪಷ್ಟವಾದ ಪಟ್ಟೆಗಳು ನಿಂತವು!

ಇದರ ವಿಚಿತ್ರವನ್ನು ವಿದ್ಯಾರ್ಥಿಗಳು ಚೆನ್ನಾಗಿ ಗಮನಿಸತಕ್ಕದ್ದು. ಪರದೆಯನ್ನು ಮುಟ್ಟಿದುದು ಯಾವಾಗಲೂ ಒಂದು ಇಡಿಯ ಚುಕ್ಕಿ. ಅರ್ಧ ಎಲೆಕ್ಟ್ರಾನು ಎಂದೂ ಬರಲಿಲ್ಲ. ಅಷ್ಟರಮಟ್ಟಿಗೆ ಅದು ಗೋಲಿ. ಆದರೆ ಒಂಟಿಯಾಗಿ ಬಂದ ಎಲೆಕ್ಟ್ರಾನುಗಳು ಕೂಡ, ಎರಡು ಹಾದಿಗಳೂ ತೆರೆದಿರುವುದನ್ನು ತಿಳಿದಿದ್ದಂತೆ, ಪಟ್ಟೆಯ ಕಪ್ಪು ಜಾಗಗಳನ್ನು ಬಿಟ್ಟು ಬಿದ್ದವು. ಅಷ್ಟರಮಟ್ಟಿಗೆ ಅದು ಅಲೆ. 'ಅದು ಎಡಕ್ಕೆ ಹೋಯಿತೋ ಬಲಕ್ಕೆ ಹೋಯಿತೋ' ಎಂಬುದನ್ನು ಪತ್ತೆಮಾಡುವ ಏರ್ಪಾಟನ್ನು ಹಾದಿಯಲ್ಲಿ ಇಟ್ಟೆವೋ, ಪಟ್ಟೆಗಳು ಅಳಿಸಿಹೋಗುತ್ತವೆ. ಪತ್ತೆಮಾಡದಿದ್ದಾಗ ಅದು ನಿಜವಾಗಿ ಯಾವ ಹಾದಿಯಲ್ಲಿತ್ತು ಎಂಬ ಪ್ರಶ್ನೆಗೆ, ಅಂಥ ಪ್ರಶ್ನೆಗೆ ಅರ್ಥವೇ ಇಲ್ಲವೆಂಬುದು ಡೆನ್ಮಾರ್ಕಿನ ನೀಲ್ಸ್ ಬೋರನ ಉತ್ತರವಾಗಿತ್ತು.

ಇಲ್ಲಿಯೇ ಒಂದು ದೊಡ್ಡ ತಪ್ಪು ತಿಳಿವಳಿಕೆ ಹುಟ್ಟುತ್ತದೆ. ಆ ಫೋನಿನ ಸಂದೇಶವೂ ಅದರ ಸಂತಾನವೇ. 'ನೋಡಿದರೆ ಪಟ್ಟೆ ಅಳಿಸುತ್ತದೆ, ಆದುದರಿಂದ ಮನುಷ್ಯನ ಮನಸ್ಸೇ ಜಗತ್ತನ್ನು ಸೃಷ್ಟಿಸುತ್ತದೆ' ಎಂದು ಕೆಲವರು ಬರೆಯುತ್ತಾರೆ. ಹಾಗಲ್ಲ. ವಿಯೆನ್ನಾದ ವಿಜ್ಞಾನಿಗಳು 1999ರಲ್ಲಿ ಅರುವತ್ತು ಇಂಗಾಲದ ಪರಮಾಣುಗಳುಳ್ಳ ಅಣುಗಳಿಂದಲೂ ಇಂಥ ಪಟ್ಟೆಗಳನ್ನು ಪಡೆದರು. 2004ರಲ್ಲಿ ಅವರೇ ಎಪ್ಪತ್ತು ಪರಮಾಣುಗಳ ಅಣುವನ್ನು ಹಾದಿಯ ಮೊದಲು ಬಿಸಿಮಾಡುತ್ತ ಹೋದರು. ಕಾದ ಅಣುವು ಕಾದ ಕಬ್ಬಿಣದಂತೆ ತಾನಾಗಿ ಬೆಳಕಿನ ಕಣಗಳನ್ನು ಹೊರಸೂಸಿತು. ಬಿಸಿ ಹೆಚ್ಚಿದಂತೆ ಪಟ್ಟೆಗಳು ಮಾಸಿ ಇಲ್ಲವಾದವು. ಆ ಬೆಳಕನ್ನು ಯಾವ ಕಣ್ಣೂ ನೋಡಲಿಲ್ಲ. ಅಣುವು ಎಲ್ಲಿದೆಯೆಂಬ ಸುಳಿವು ಹೊರಗಿನ ಜಗತ್ತಿಗೆ ಸೋರಿದರೆ ಸಾಕು, ನೋಡುವವನು ಇರಲಿ ಇಲ್ಲದಿರಲಿ. ಆದುದರಿಂದ ಇಲ್ಲಿ ಮುಖ್ಯವಾದುದು ಮನಸ್ಸಲ್ಲ, ಸಂಬಂಧ. ಈ ಒಂದು ಮಾತನ್ನು ನೆನಪಿನಲ್ಲಿಟ್ಟುಕೊಂಡು ಬೌದ್ಧರ ಕಡೆಗೆ ಹೋಗೋಣ.

ಕ್ರಿಸ್ತಪೂರ್ವ ಎರಡನೆಯ ಶತಮಾನದಲ್ಲಿ ವಾಯವ್ಯ ಭಾರತವನ್ನಾಳಿದ ಯವನರಾಜ ಮಿನಾಂದರನಿಗೂ ನಾಗಸೇನನೆಂಬ ಭಿಕ್ಷುವಿಗೂ ನಡೆದುದೆಂದು ಹೇಳುವ ಸಂವಾದವೊಂದು ಪಾಲಿ ಭಾಷೆಯ 'ಮಿಲಿಂದಪಞ್ಹ'ದಲ್ಲಿದೆ. ರಾಜನು ರಥದಲ್ಲಿ ಬಂದಿದ್ದನು. ಭಿಕ್ಷುವು ಆ ರಥವೆಂದರೆ ಯಾವುದೆಂದು ಕೇಳುತ್ತಾನೆ. ಅಚ್ಚು ರಥವೇ? ಅಲ್ಲ. ಗಾಲಿ? ಅಲ್ಲ. ನೊಗ? ಅದೂ ಅಲ್ಲ. ಇವೆಲ್ಲವನ್ನು ಬಿಟ್ಟು ಬೇರೊಂದು ರಥವಿದೆಯೇ? ಅದೂ ಇಲ್ಲ. ಹಾಗಿದ್ದರೆ ರಾಜನು ಬಂದುದು ಯಾವುದರಲ್ಲಿ? ಅಂಗಗಳು ಒಂದು ಕ್ರಮದಲ್ಲಿ ಕೂಡಿದಾಗ 'ರಥ'ವೆಂಬ ಹೆಸರಿನ ವ್ಯವಹಾರ ನಡೆಯುತ್ತದೆ ಎಂದು ರಾಜನೇ ಒಪ್ಪಿಕೊಳ್ಳುತ್ತಾನೆ. 'ನಾನು' ಎಂಬುದೂ ಹಾಗೆಯೇ ಎಂಬುದು ನಾಗಸೇನನ ಇಂಗಿತ.

ಸರಿ, ರಥವನ್ನು ಬಿಚ್ಚಿ ಬಿಚ್ಚಿ ಕೊನೆಗೆ ಬಿಚ್ಚಲಾರದ ಒಂದು ತುಣುಕು ಉಳಿಯಬೇಕಲ್ಲವೆ? ಬೌದ್ಧರಲ್ಲಿಯೇ ಒಂದು ಪಂಗಡದವರು ಹೌದೆಂದರು. ಅವರು ಪರಮಾಣುಗಳನ್ನೂ ಕ್ಷಣಗಳನ್ನೂ ಜಗತ್ತಿನ ಕೊನೆಯ ಇಟ್ಟಿಗೆಗಳೆಂದು ಎಣಿಸಿದರು. ಇದನ್ನು ಎದುರಿಸಿದವರಲ್ಲಿ ವಸುಬಂಧು ಪ್ರಮುಖನು. ಅವನ ತರ್ಕ ನಮ್ಮ ಎಂಟನೆಯ ತರಗತಿಯ ಮಕ್ಕಳಿಗೂ ಅರ್ಥವಾಗತಕ್ಕದ್ದು. ಒಂದು ಪರಮಾಣುವಿನ ಸುತ್ತ ನಾಲ್ಕು ದಿಕ್ಕು, ಮೇಲೆ, ಕೆಳಗೆ ಹೀಗೆ ಆರು ಪರಮಾಣುಗಳು ಅಂಟಿಕೊಂಡಿವೆ ಎನ್ನೋಣ. ನಡುವಿನದು ಪೂರ್ವದ ನೆರೆಯವನನ್ನು ಮುಟ್ಟುವ ಕಡೆಯೇ ಬೇರೆ, ಪಶ್ಚಿಮದವನನ್ನು ಮುಟ್ಟುವ ಕಡೆಯೇ ಬೇರೆ. ಅಂದಮೇಲೆ ಅದಕ್ಕೆ ಆರು ಭಾಗಗಳಾದವು. ಒಡೆಯಲಾರದ್ದು ಎಂಬ ಮಾತು ಹೋಯಿತು. ಭಾಗಗಳೇ ಇಲ್ಲವೆಂದು ಹಟ ಹಿಡಿದರೆ, ಆರೂ ಅದರ ಜಾಗದಲ್ಲಿಯೇ ಸೇರಿಕೊಂಡು ಏಳೂ ಒಂದೇ ಆಗುತ್ತವೆ. ಆಗ ಎಷ್ಟು ಪರಮಾಣುಗಳನ್ನು ಕೂಡಿಸಿದರೂ ಬೆಟ್ಟವು ಪರಮಾಣುವಿನಷ್ಟೇ ಇರಬೇಕಾಗುತ್ತದೆ! ಈ ವಾದದ ಪೆಟ್ಟು ಗೋಲಿಯಂಥ ಪರಮಾಣುವಿಗೆ ಮಾತ್ರ ತಗಲುವುದೆಂಬುದನ್ನೂ ಹೇಳಬೇಕು. ಇಂದಿನ ವಿಜ್ಞಾನದ ಎಲೆಕ್ಟ್ರಾನು ಗೋಲಿಯೇ ಅಲ್ಲವಾದುದರಿಂದ ಅದು ವಸುಬಂಧುವಿನ ಬಲೆಯಿಂದ ನುಸುಳಿಕೊಳ್ಳುತ್ತದೆ.

ವಸುಬಂಧುವಿಗಿಂತ ಮೊದಲೇ, ಸುಮಾರು ಎರಡನೆಯ ಶತಮಾನದಲ್ಲಿ, ನಾಗಾರ್ಜುನನೆಂಬ ಆಚಾರ್ಯನು ಇದ್ದನು. ಅವನು ದಕ್ಷಿಣ ದೇಶದವನೆಂದು ಪರಂಪರೆ ಹೇಳುತ್ತದೆ. ಇಪ್ಪತ್ತೇಳು ಪ್ರಕರಣಗಳುಳ್ಳ ಅವನ 'ಮೂಲಮಧ್ಯಮಕಕಾರಿಕೆ'ಯು ಮಾಧ್ಯಮಿಕ ಪಂಥದ ಅಡಿಗಲ್ಲು. ಅವನ ಖಂಡನೆಗೆ ಗುರಿಯಾದುದು ಒಂದೇ ಒಂದು ಮಾತು: 'ಸ್ವಭಾವ'. ನಾವು ಬಳಕೆಯಲ್ಲಿ ಹೇಳುವ ಒಳ್ಳೆಯ ಸ್ವಭಾವ, ಕೆಟ್ಟ ಸ್ವಭಾವ ಎಂಬ ಅರ್ಥ ಇಲ್ಲಿಯದಲ್ಲ. ಬೇರೆ ಯಾವುದನ್ನೂ ಆಶ್ರಯಿಸದೆ, ತನ್ನಿಂದ ತಾನೇ, ತನ್ನೊಳಗೇ ವಸ್ತುವೊಂದಕ್ಕೆ ಇರತಕ್ಕ ನಿಜವಾದ ಇರವು ಎಂದು ಅದರ ಅರ್ಥ. ಅಂಥ ಸ್ವಭಾವವು ಯಾವ ವಸ್ತುವಿನಲ್ಲಿಯೂ ಇಲ್ಲವೆಂಬುದೇ ನಾಗಾರ್ಜುನನ 'ಶೂನ್ಯತೆ'.

ಚಂದ್ರಗಿರಿ ಹೊಳೆಯ ದಂಡೆಯಲ್ಲಿ ನಿಂತು ಯೋಚಿಸೋಣ. ನಾವು ನಿಂತುದು 'ಈ ದಡ', ಎದುರಿನದು 'ಆ ದಡ'. ದೋಣಿಯಲ್ಲಿ ದಾಟಿದೆವೆಂದರೆ 'ಆ'ದು 'ಈ'ಯಾಗುತ್ತದೆ. 'ಆ ದಡತನ'ವು ಮಣ್ಣಿನಲ್ಲಿ ಎಲ್ಲಿಯಾದರೂ ಅಡಗಿದೆಯೆ? ಅಗೆದು ನೋಡಿದರೆ ಸಿಕ್ಕೀತೆ? ಆದರೂ ಆ ದಡವೆಂಬುದು ಸುಳ್ಳಲ್ಲ; ಮಳೆಗಾಲದಲ್ಲಿ ಅಲ್ಲಿಗೆ ಹೋಗುವ ಕಷ್ಟ ನಿಜವಾದ ಕಷ್ಟವೇ. ನಮ್ಮನ್ನು ಸರಕಾರದ ಕಾಗದಗಳಲ್ಲಿ 'ಭಾಷಾ ಅಲ್ಪಸಂಖ್ಯಾತರು' ಎನ್ನುತ್ತಾರೆ. 1956ರ ನವೆಂಬರ 1ರಂದು ಗಡಿಯ ಗೆರೆ ಎಳೆದ ರೀತಿಯಿಂದ ಬಂದ ಹೆಸರದು. ನಮ್ಮ ನಾಲಗೆಯಲ್ಲಾಗಲಿ ರಕ್ತದಲ್ಲಾಗಲಿ ಅದು ಇಲ್ಲ. ಆದರೆ ಆ ಹೆಸರಿನ ಫಲಗಳನ್ನು ಈ ಶಾಲೆಯನ್ನು ನಡೆಸುವವರು ಚೆನ್ನಾಗಿ ಬಲ್ಲರು. ಸಂಬಂಧದಿಂದ ಬಂದುದಕ್ಕೆ ಸ್ವಭಾವವಿಲ್ಲ, ಆದರೆ ಪರಿಣಾಮವಿದೆ. ನಾಗಾರ್ಜುನನು ಹೇಳುವುದು ಎಲ್ಲ ವಸ್ತುಗಳ ವಿಷಯದಲ್ಲಿಯೂ ಇದನ್ನೇ.

ಶೂನ್ಯತೆಯೆಂದರೆ 'ಏನೂ ಇಲ್ಲ' ಎಂದಲ್ಲ. ಹಾಗೆ ತಿಳಿದವರು ಅವನ ಕಾಲದಲ್ಲಿಯೂ ಇದ್ದರು. ಎಲ್ಲವೂ ಶೂನ್ಯವಾದರೆ ಬುದ್ಧನ ಉಪದೇಶವೂ ಶೂನ್ಯವಲ್ಲವೆ ಎಂದು ಅವರು ಆಕ್ಷೇಪಿಸಿದರು. ಇಪ್ಪತ್ತನಾಲ್ಕನೆಯ ಪ್ರಕರಣದಲ್ಲಿ ನಾಗಾರ್ಜುನನು ಈ ಆಕ್ಷೇಪವನ್ನು ಅವರ ಕಡೆಗೇ ತಿರುಗಿಸುತ್ತಾನೆ. ವಸ್ತುಗಳಿಗೆ ಬದಲಾಗದ ಸ್ವಭಾವವಿದ್ದರೆ ಬೀಜ ಮೊಳೆಯಲಾರದು, ದುಃಖ ನೀಗಲಾರದು, ಯಾವುದೂ ಆಗಲಾರದು. ಶೂನ್ಯವಾದುದರಿಂದಲೇ ಎಲ್ಲವೂ ಸಾಧ್ಯ. ಶೂನ್ಯತೆ ಮತ್ತು 'ಪ್ರತೀತ್ಯಸಮುತ್ಪಾದ', ಅಂದರೆ ಒಂದನ್ನೊಂದು ಆಶ್ರಯಿಸಿ ಹುಟ್ಟುವಿಕೆ, ಇವೆರಡೂ ಒಂದೇ ಎಂದು ಅವನು ಅಲ್ಲಿ ಹೇಳುತ್ತಾನೆ. ನಮ್ಮ ವೃತ್ತಿಯಲ್ಲಿ ಈ ತರ್ಕ ಬಹಳ ಉಪಯೋಗಕ್ಕೆ ಬರುತ್ತದೆ. 'ಇವನಿಗೆ ಲೆಕ್ಕ ಹತ್ತುವುದಿಲ್ಲ, ಹುಟ್ಟುಗುಣ' ಎಂದು ಮಗನನ್ನು ಎದುರಿಗೇ ಇಟ್ಟುಕೊಂಡು ಹೇಳುವ ಪೋಷಕರು ಮಗುವಿನಲ್ಲಿ ಒಂದು ಸ್ವಭಾವವನ್ನು ಕಲ್ಪಿಸುತ್ತಾರೆ. ಅದು ನಿಜವಾಗಿದ್ದರೆ ಶಾಲೆಯನ್ನು ಮುಚ್ಚಬೇಕಾಗುತ್ತಿತ್ತು.

ಕನ್ನಡಿಗರಿಗೆ 'ಶೂನ್ಯ' ಎಂದೊಡನೆ ಶೂನ್ಯಸಂಪಾದನೆಯೂ ಅಲ್ಲಮಪ್ರಭುವೂ ನೆನಪಾಗುವುದು ಸಹಜ. ಪದ ಒಂದಾದ ಮಾತ್ರಕ್ಕೆ ಅರ್ಥವೂ ಒಂದೆಂದು ಹೇಳಲಾಗದು. ಅದು ಬೇರೆಯೇ ಒಂದು ಲೇಖನದ ವಿಷಯ.

ಈಗ ಎರಡು ಕಡೆಯವರೂ ಎಲ್ಲಿ ಭೇಟಿಯಾಗುತ್ತಾರೆಂಬುದನ್ನು ನೋಡೋಣ. ಮಂಗಳೂರಿನಿಂದ ಕಾಸರಗೋಡಿಗೆ ಬರುವ ರೈಲಿನಲ್ಲಿ ಕುಳಿತವನ ವೇಗವೆಷ್ಟು? ಹಳಿಗೆ ಹೋಲಿಸಿದರೆ ಗಂಟೆಗೆ ಅರುವತ್ತು ಕಿಲೋಮೀಟರು ಇದ್ದೀತು. ಎದುರಿನ ಆಸನದಲ್ಲಿ ಕುಳಿತವನಿಗೆ ಹೋಲಿಸಿದರೆ ಸೊನ್ನೆ. ಸೂರ್ಯನಿಗೆ ಹೋಲಿಸಿದರೆ ಸೆಕೆಂಡಿಗೆ ಸುಮಾರು ಮೂವತ್ತು ಕಿಲೋಮೀಟರು. 'ಹೋಲಿಕೆಯಿಲ್ಲದೆ ನಿಜವಾದ ವೇಗ ಹೇಳಿ' ಎಂದರೆ ಅಂಥದೊಂದಿಲ್ಲ. ಇಟಲಿಯ ಭೌತವಿಜ್ಞಾನಿ ಕಾರ್ಲೊ ರೊವೆಲ್ಲಿ 1996ರಲ್ಲಿ ಒಂದು ವಿಚಾರವನ್ನು ಮುಂದಿಟ್ಟರು: ಕ್ವಾಂಟಮ್ ಜಗತ್ತಿನಲ್ಲಿ ವೇಗವೊಂದೇ ಅಲ್ಲ, ವಸ್ತುವಿನ ಎಲ್ಲ ಗುಣಗಳೂ ಹೀಗೆಯೇ ಮತ್ತೊಂದು ವಸ್ತುವಿಗೆ ಸಂಬಂಧಪಟ್ಟವು, ಯಾವುದರೊಡನೆಯೂ ವ್ಯವಹರಿಸದ ಎಲೆಕ್ಟ್ರಾನಿಗೆ 'ಇಲ್ಲಿದ್ದೇನೆ' ಎಂಬ ಸ್ಥಾನವೇ ಇಲ್ಲ. ಇದನ್ನು ಕೇಳಿದವರು ಮತ್ತೆ ಮತ್ತೆ 'ನೀವು ನಾಗಾರ್ಜುನನನ್ನು ಓದಿದ್ದೀರಾ' ಎಂದು ಕೇಳುತ್ತಿದ್ದುದರಿಂದ ತಾವು ಆ ಗ್ರಂಥವನ್ನು ಓದಿದೆವೆಂದು 2020ರಲ್ಲಿ ಪ್ರಕಟವಾದ 'ಹೆಲ್ಗೊಲ್ಯಾಂಡ್' ಎಂಬ ಪುಸ್ತಕದಲ್ಲಿ ಅವರು ಬರೆದಿದ್ದಾರೆ. ಓದಿ ಮೆಚ್ಚಿದರು, ಆದರೆ ನಾಗಾರ್ಜುನನಿಗೆ ಕ್ವಾಂಟಮ್ ವಿಜ್ಞಾನ ತಿಳಿದಿತ್ತೆಂದು ಅವರು ಹೇಳಲಿಲ್ಲ. ತಮ್ಮ ಕಷ್ಟವಾದ ಸಮೀಕರಣಗಳ ಬಗೆಗೆ ಯೋಚಿಸುವುದಕ್ಕೆ ಒಂದು ಸಲಕರಣೆ ದೊರೆಯಿತೆಂದರು. ರೊವೆಲ್ಲಿಯವರ ವ್ಯಾಖ್ಯಾನವನ್ನು ಎಲ್ಲ ಭೌತವಿಜ್ಞಾನಿಗಳೂ ಒಪ್ಪಿದ್ದಾರೆಂದು ತಿಳಿಯಬಾರದು. ಅದು ಹಲವು ವ್ಯಾಖ್ಯಾನಗಳಲ್ಲಿ ಒಂದು.

ತುಮಕೂರು ಸೀಮೆಯಲ್ಲಿ 1925ರಲ್ಲಿ ಹುಟ್ಟಿ, ಭಾರತದ ಪರಮಾಣು ವಿಜ್ಞಾನದಲ್ಲಿ ಅಗ್ರಸ್ಥಾನಕ್ಕೇರಿದ ಡಾ. ರಾಜಾ ರಾಮಣ್ಣನವರ ಹೆಸರು ಈ ಸಂವಾದದಲ್ಲಿ ಅನೇಕ ಸಲ ಬರುತ್ತದೆ. ನಾಗಾರ್ಜುನನನ್ನು ಓದಿದಾಗ ಇಂದಿನ ಕ್ವಾಂಟಮ್ ವಿಚಾರಗಳಿಗೆ ಸಮೀಪವಾದುದು ಅಲ್ಲಿ ಕಂಡು ತಮಗೆ ಆಶ್ಚರ್ಯವಾಯಿತೆಂದು ಅವರು ಹೇಳಿದುದನ್ನು ದಲೈ ಲಾಮಾ ಅವರು ತಮ್ಮ ಭಾಷಣಗಳಲ್ಲಿ ಸ್ಮರಿಸುತ್ತ ಬಂದಿದ್ದಾರೆ. ಫೋನಿನ ಸಂದೇಶಗಳ ಮೂಲ ಇಂಥ ಮಾತುಗಳಲ್ಲಿಯೇ ಇರಬಹುದು. ಆದರೆ ಅಣುವಿಜ್ಞಾನವನ್ನು ಆಳವಾಗಿ ಬಲ್ಲವರೊಬ್ಬರು ಸಾಮ್ಯವನ್ನು ಕಂಡು ಬೆರಗಾಗುವುದು ಒಂದು. ಎರಡನ್ನೂ ಓದದವರು 'ಎಲ್ಲ ಮೊದಲೇ ಇತ್ತು' ಎಂದು ಸಾರುವುದು ಮತ್ತೊಂದು.

ದಲೈ ಲಾಮಾ ಅವರ ಆಸಕ್ತಿ ಬರಿಯ ಸೌಜನ್ಯದ್ದಲ್ಲ. ಡೇವಿಡ್ ಬೋಮ್, ಕಾರ್ಲ್ ಫಾನ್ ವೈಟ್ಸೆಕರ್ ಎಂಬ ಹಿರಿಯ ಭೌತವಿಜ್ಞಾನಿಗಳಿಂದ ಅವರು ಪಾಠ ಹೇಳಿಸಿಕೊಂಡವರು. 1997ರಲ್ಲಿ ಧರ್ಮಶಾಲೆಯಲ್ಲಿ ಆರ್ಥರ್ ಝಯೊನ್ಸ್, ಆಂಟನ್ ಝೈಲಿಂಗರ್ ಮೊದಲಾದವರು ಅವರೊಡನೆ ಹಲವು ದಿನ ಕುಳಿತು ಹೊಸ ಭೌತವಿಜ್ಞಾನವನ್ನು ಚರ್ಚಿಸಿದರು. ಮರುವರ್ಷ ಆಸ್ಟ್ರಿಯಾದ ಇನ್ಸ್‌ಬ್ರುಕ್ಕಿನಲ್ಲಿ ಝೈಲಿಂಗರರೇ ಅವರನ್ನು ಬರಮಾಡಿಕೊಂಡು ಮಾತನ್ನು ಮುಂದುವರಿಸಿದರು. ಈ ಸಂವಾದದಲ್ಲಿ ನಮಗೆ ಅತ್ಯಂತ ಬೆಲೆಯುಳ್ಳದ್ದಾಗಿ ತೋರುವುದು ಅವರು ಒಪ್ಪಿದ ಸ್ಥಳವಲ್ಲ, ಒಪ್ಪದ ಸ್ಥಳ.

ಆಸ್ಪತ್ರೆಗಳಲ್ಲಿ ಥೈರಾಯಿಡ್ ಗ್ರಂಥಿಯ ಚಿಕಿತ್ಸೆಗೆ ಅಯೊಡಿನ್-131 ಎಂಬ ವಿಕಿರಣಶೀಲ ವಸ್ತುವನ್ನು ಬಳಸುತ್ತಾರೆ. ಅದರ ಪರಮಾಣುಗಳಲ್ಲಿ ಅರ್ಧದಷ್ಟು ಸುಮಾರು ಎಂಟು ದಿನಗಳಲ್ಲಿ ಸಿಡಿದು ಬೇರೆ ವಸ್ತುವಾಗುತ್ತವೆ. ಕೋಟ್ಯಂತರ ಪರಮಾಣುಗಳ ಲೆಕ್ಕ ಹೀಗೆ ಖಚಿತ. ಆದರೆ ಎಲ್ಲ ಬಗೆಯಲ್ಲಿಯೂ ಸಮಾನವಾದ ಎರಡು ಪರಮಾಣುಗಳನ್ನು ತೆಗೆದುಕೊಂಡರೆ, ಒಂದು ಇಂದೇ ಸಿಡಿಯುತ್ತದೆ, ಇನ್ನೊಂದು ಮುಂದಿನ ತಿಂಗಳು. ಇಂದೇ ಏಕೆ? ಕಾರಣವಿಲ್ಲ. ನಮಗೆ ತಿಳಿಯದ ಕಾರಣ ಒಳಗೆ ಅಡಗಿದೆ ಎಂದಲ್ಲ; ಆ ಒಂದು ಘಟನೆಗೆ ಕಾರಣವೇ ಇಲ್ಲ ಎಂಬುದು ಝೈಲಿಂಗರರ ಪಕ್ಷ. ದಲೈ ಲಾಮಾ ಅವರು ಇದನ್ನು ಸುಲಭವಾಗಿ ಒಪ್ಪಲಿಲ್ಲ. ಒಪ್ಪುವುದಾದರೂ ಹೇಗೆ? ಕಾರಣಗಳನ್ನು ಆಶ್ರಯಿಸದೆ ಯಾವುದೂ ಹುಟ್ಟದೆಂಬುದು ಪ್ರತೀತ್ಯಸಮುತ್ಪಾದದ ತಿರುಳು. ನಾಗಾರ್ಜುನನ ಗ್ರಂಥದ ಮೊದಲನೆಯ ಪ್ರಕರಣವೇ, ವಸ್ತುವು ತನ್ನಿಂದಲೂ ಹುಟ್ಟದು, ಬೇರೆಯದರಿಂದಲೂ ಹುಟ್ಟದು, ಎರಡರಿಂದಲೂ ಹುಟ್ಟದು, ಕಾರಣವಿಲ್ಲದೆಯೂ ಹುಟ್ಟದು ಎಂದು ನಾಲ್ಕು ಬಾಗಿಲುಗಳನ್ನೂ ಮುಚ್ಚುತ್ತದೆ. ನಾಲ್ಕನೆಯ ಬಾಗಿಲಿನ ಮುಂದೆಯೇ ಝೈಲಿಂಗರರು ನಿಂತಿದ್ದರು!

ಕಾರಣ ಅಡಗಿರಬೇಕೆಂಬುದು ಐನ್‌ಸ್ಟೈನನ ಪಕ್ಷವೂ ಆಗಿತ್ತು. ಒಂದು ಜೊತೆ ಚಪ್ಪಲಿಯಲ್ಲಿ ಒಂದನ್ನು ಮಂಗಳೂರಿಗೂ ಇನ್ನೊಂದನ್ನು ಕಣ್ಣೂರಿಗೂ ಮುಚ್ಚಿದ ಪೆಟ್ಟಿಗೆಗಳಲ್ಲಿ ಕಳುಹಿಸಿದರೆ, ಮಂಗಳೂರಿನಲ್ಲಿ ಎಡಗಾಲಿನದು ಸಿಕ್ಕೊಡನೆ ಕಣ್ಣೂರಿನದು ಬಲಗಾಲಿನದೆಂದು ತಿಳಿಯುತ್ತದೆ. ಇದರಲ್ಲಿ ಮಾಯೆಯೇನೂ ಇಲ್ಲ. ಹೊರಡುವಾಗಲೇ ಅದು ನಿರ್ಧಾರವಾಗಿತ್ತು. ಜೊತೆಯಾಗಿ ಹುಟ್ಟಿ ದೂರ ಸರಿದ ಕಣಗಳ ಹೊಂದಾಣಿಕೆಯೂ ಇಷ್ಟೇ ಎಂದು ವಾದಿಸಬಹುದಾಗಿತ್ತು. ಐರ್ಲೆಂಡಿನ ಜಾನ್ ಬೆಲ್ 1964ರಲ್ಲಿ, ಚಪ್ಪಲಿಯಂಥ ವಿವರಣೆಯು ಎಷ್ಟರವರೆಗೆ ಹೊಂದಾಣಿಕೆಯನ್ನು ಕೊಡಬಲ್ಲುದೆಂಬುದಕ್ಕೆ ಒಂದು ಮಿತಿಯನ್ನು ಲೆಕ್ಕ ಹಾಕಿ ತೋರಿಸಿದನು. 1982ರಲ್ಲಿ ಫ್ರಾನ್ಸಿನ ಅಲೆನ್ ಆಸ್ಪೆ ಅವರ ಪ್ರಯೋಗಗಳೂ, 2015ರಲ್ಲಿ ಹಾಲೆಂಡಿನ ಡೆಲ್ಫ್ಟ್ ನಗರದಲ್ಲಿ 1.3 ಕಿಲೋಮೀಟರು ಅಂತರದಲ್ಲಿ ನಡೆದ ಪ್ರಯೋಗವೂ, ಕಣಗಳು ಆ ಮಿತಿಯನ್ನು ಮೀರುತ್ತವೆಂದು ಸ್ಥಿರಪಡಿಸಿದವು. ಆಸ್ಪೆ, ಜಾನ್ ಕ್ಲೌಸರ್, ಝೈಲಿಂಗರ್ ಈ ಮೂವರಿಗೆ 2022ರ ನೊಬೆಲ್ ಬಹುಮಾನ ಬಂದುದು ಈ ಕಾರ್ಯಕ್ಕಾಗಿ. ಹಾಗೆಂದು ವಿವಾದ ಪೂರ್ತಿ ಮುಗಿಯಲಿಲ್ಲ. ದೂರದ ಕಣಗಳು ಒಂದನ್ನೊಂದು ತಕ್ಷಣವೇ ಪ್ರಭಾವಿಸಬಲ್ಲವೆಂದು ಒಪ್ಪಿದರೆ ಕಾರಣವನ್ನು ಉಳಿಸಿಕೊಳ್ಳಬಹುದೆಂಬುದನ್ನು ಬೋಮ್‌ರ ಸಿದ್ಧಾಂತ ತೋರಿಸುತ್ತದೆ. ವಿಜ್ಞಾನಿಗಳಲ್ಲಿಯೇ ಇತ್ಯರ್ಥವಾಗದ ಪ್ರಶ್ನೆಯನ್ನು ಎರಡು ಸಾವಿರ ವರ್ಷಗಳ ಹಿಂದೆಯೇ ಇತ್ಯರ್ಥ ಮಾಡಲಾಗಿತ್ತೆಂದು ಹೇಳುವುದು ಹೇಗೆ?

ಇನ್ನೊಂದು ಭೇದವನ್ನು ಮರೆಯಕೂಡದು. ಕ್ವಾಂಟಮ್ ಸಿದ್ಧಾಂತವು ಎಲೆಕ್ಟ್ರಾನಿನ ಕಾಂತಗುಣದ ಬೆಲೆಯನ್ನು ದಶಾಂಶದ ಹತ್ತಕ್ಕೂ ಹೆಚ್ಚು ಸ್ಥಾನಗಳವರೆಗೆ ಮುಂಚಿತವಾಗಿ ಹೇಳುತ್ತದೆ. ಅಳೆದಾಗ ಅದು ಹೊಂದುತ್ತದೆ. ಹೊಂದದಿದ್ದರೆ ಸಿದ್ಧಾಂತವನ್ನು ತಿದ್ದಬೇಕಾಗುತ್ತದೆ. ನಾಗಾರ್ಜುನನ ಗ್ರಂಥದಲ್ಲಿ ಒಂದು ಅಂಕಿಯೂ ಇಲ್ಲ; ಅಂಕಿ ಅವನಿಗೆ ಬೇಕಾಗಿಯೂ ಇರಲಿಲ್ಲ. ವಸ್ತುಗಳನ್ನು ಸ್ಥಿರವೆಂದು ಭ್ರಮಿಸಿ ಅಂಟಿಕೊಳ್ಳುವುದರಿಂದ ಹುಟ್ಟುವ ದುಃಖವನ್ನು ಕಳೆಯುವುದು ಅವನ ಉದ್ದೇಶ. ಅಡಕೆ ಸುಲಿಯುವ ಕತ್ತಿಯನ್ನೂ ಅನ್ನ ಬಡಿಸುವ ಸಟ್ಟುಗವನ್ನೂ ಯಾವುದು ಹೆಚ್ಚು ಹರಿತವೆಂದು ಹೋಲಿಸಿದಂತೆ ಆದೀತು ನಮ್ಮ ಪೈಪೋಟಿ.

ಆದರೂ ಮಾತುಕತೆಯಿಂದ ಎರಡು ಕಡೆಯವರಿಗೂ ಲಾಭವಾಗಿದೆ. ವಿಜ್ಞಾನವು ನಿಶ್ಚಯವಾಗಿ ತಪ್ಪೆಂದು ತೋರಿಸಿದುದನ್ನು ಬೌದ್ಧರು ಕೈಬಿಡಬೇಕೆಂದು ದಲೈ ಲಾಮಾ ಅವರು 2005ರಲ್ಲಿ ಬಂದ ತಮ್ಮ ಪುಸ್ತಕದಲ್ಲಿ ಬರೆದು, ಮೇರುಪರ್ವತವನ್ನು ನಡುವಿಟ್ಟುಕೊಂಡ ಹಳೆಯ ಭೂಗೋಳವನ್ನು ತಾವೇ ಕೈಬಿಟ್ಟರು. 2013ರ ಜನವರಿಯಲ್ಲಿ ಉತ್ತರ ಕನ್ನಡ ಜಿಲ್ಲೆಯ ಮುಂಡಗೋಡಿನ ದ್ರೆಪುಂಗ್ ವಿಹಾರದಲ್ಲಿ ಸಾವಿರಾರು ಭಿಕ್ಷುಗಳ ಮುಂದೆ ಆರು ದಿನ ವಿಜ್ಞಾನಿಗಳೊಡನೆ ಚರ್ಚೆ ನಡೆಯಿತು. ಮುಂಡಗೋಡು, ಬೈಲಕುಪ್ಪೆಗಳ ದೊಡ್ಡ ವಿಹಾರಗಳಲ್ಲಿ ಈಗ ಶಾಸ್ತ್ರಾಧ್ಯಯನದ ಜೊತೆಗೆ ಭೌತವಿಜ್ಞಾನವೂ ಪಾಠವಾಗಿದೆ. ನಾಗಾರ್ಜುನನನ್ನು ಕಂಠಪಾಠ ಮಾಡಿದ ಭಿಕ್ಷುಗಳೇ, ಅದೆಲ್ಲ ಮೊದಲೇ ಇತ್ತೆಂದು ಸುಮ್ಮನಿರದೆ, ಪೆನ್ಸಿಲು ಹಿಡಿದು ಲೆಕ್ಕ ಕಲಿಯಲು ಕುಳಿತಿದ್ದಾರೆ. 'ಪುನಃ ಕಲಿಯುವುದು ಯಾಕೆ' ಎಂದು ಕೇಳಿದ ನಮ್ಮ ಬಾಲಕನಿಗೆ ನಾವು ಕೊಡಬಹುದಾದ ಉತ್ತರ ಇದೇ. ಅವನ ತಂದೆಯವರಿಗೆ ಹೇಳಬೇಕಾದುದು: ಎಲ್ಲವನ್ನೂ ಹೇಳಿಟ್ಟಿಲ್ಲ, ಆದರೆ 'ವಸ್ತುವೊಂದು ತನ್ನಷ್ಟಕ್ಕೆ ತಾನೇ ಏನು?' ಎಂಬ ಪ್ರಶ್ನೆಯನ್ನು ಅವರು ನಮಗಿಂತ ಬಹಳ ಮೊದಲೇ, ಬಹಳ ಕಟ್ಟುನಿಟ್ಟಾಗಿ ಕೇಳಿದ್ದರು.

ಪಟ್ಟೆಗಳನ್ನು ಕಣ್ಣಾರೆ ನೋಡಬೇಕೆನ್ನುವವರಿಗೆ ತೊನೊಮುರಾ ಅವರ ಯಂತ್ರ ಬೇಡ. ಪಾಠದ ಕೋಲಿನಂತೆ ಬಳಸುವ ಕೆಂಪು ಲೇಸರ್ ಟಾರ್ಚೊಂದನ್ನು ಮೇಜಿನ ಮೇಲೆ ಅಲುಗಾಡದಂತೆ ಇಡಿರಿ. ತಲೆಯ ಕೂದಲೊಂದನ್ನು ಅದರ ಬಾಯಿಗೆ ಅಡ್ಡಲಾಗಿ ನೆಟ್ಟಗೆ ಅಂಟಿಸಿರಿ. ಕತ್ತಲೆಯ ಕೋಣೆಯಲ್ಲಿ ಮೂರು ಮೀಟರು ದೂರದ ಗೋಡೆಯ ಮೇಲೆ ಬೆಳಕು ಬೀಳಲಿ. ಟಾರ್ಚಿನ ಬೆಳಕನ್ನು ಯಾರ ಕಣ್ಣಿಗೂ ಬಿಡಬಾರದು, ಹಿರಿಯರೊಬ್ಬರು ಜೊತೆಗಿರಬೇಕು. ಗೋಡೆಯ ಮೇಲೆ ಬೆಳಕೂ ಕತ್ತಲೂ ಒಂದರ ಪಕ್ಕದಲ್ಲೊಂದು ಸಾಲಾಗಿ ಕಾಣುತ್ತವೆ. ಒಂದು ಪಕ್ಕದಲ್ಲಿ ಅಕ್ಕಪಕ್ಕದ ಎರಡು ಕತ್ತಲೆಗಳ ನಡುವಣ ದೂರವನ್ನು ಅಳೆಯಿರಿ. ಕೆಂಪು ಬೆಳಕಿನ ಅಲೆಯ ಉದ್ದವು ಸುಮಾರು 0.00065 ಮಿಲಿಮೀಟರು, ಅದನ್ನು ಗೋಡೆಯ ದೂರವಾದ 3000 ಮಿಲಿಮೀಟರಿನಿಂದ ಗುಣಿಸಿ, ಅಳೆದ ದೂರದಿಂದ ಭಾಗಿಸಿದರೆ ಕೂದಲಿನ ದಪ್ಪ ಬರುತ್ತದೆ. ದೂರವು 28 ಮಿಲಿಮೀಟರು ಬಂದರೆ ಕೂದಲಿನ ದಪ್ಪ 0.07 ಮಿಲಿಮೀಟರು. ಅಜ್ಜಿಯ ನರೆಗೂದಲನ್ನೂ ತಮ್ಮನ ಕೂದಲನ್ನೂ ಅಳೆದು, ಬಂದ ಅಂಕಿಗಳನ್ನು ಬರೆದು ಶಾಲೆ ತೆರೆದ ಮೊದಲ ವಾರದಲ್ಲಿ ತಂದು ತೋರಿಸಿರಿ.